ಭಾನುವಾರದ ಸ್ಕೇಟ್‌ಬೋರ್ಡ್ ಕರ್ಬ್ (ಫುಟ್‌ಪಾತ್ ಅಂಚು) ಸೆಷನ್, ಜೊತೆಗೆ ನನ್ನ ಮಂಡಿ ಕಥೆ

ಎಲ್ರಿಗೂ ನಮಸ್ಕಾರ, ಮಂಡಿ ಹೆಂಗಿದೆ ಅಂತ ದಿನಾ ಒಬ್ರಾದ್ರೂ ಕೇಳ್ತೀರಲ್ಲ, ಒಂದೇ ಸಲ ಇಲ್ಲೇ ಹೇಳ್ಬಿಡ್ತೀನಿ. ಎಸಿಎಲ್ (ಮಂಡಿಯೊಳಗಿನ ಲಿಗಮೆಂಟ್) ಆಪರೇಷನ್ ಆಗಿ 8 ತಿಂಗ್ಳಾಯ್ತು, ಸ್ಕೇಟ್‌ಬೋರ್ಡ್ ಹತ್ಬೋದು ಅಂದ್ರು ಫಿಸಿಯೋ, ಆದ್ರೆ ಎಡಗಾಲಿನ ಬಲ ಬಲಗಾಲಿನ ಶೇ. 90 ಮುಟ್ಟೋವರೆಗೂ ಹಾರೋ ಹಂಗಿಲ್ಲ ಅಂತೆ, ಸೋ ಓಲಿ (ಬೋರ್ಡ್ ಸಮೇತ ಹಾರೋದು) ಬಂದ್. ಅದಕ್ಕೇ ಸ್ಲ್ಯಾಪಿ (ಬೋರ್ಡನ್ನ ಫುಟ್‌ಪಾತ್ ಅಂಚಿಗೆ ಹತ್ತಿಸಿ ಜಾರೋದು) ಹಿಡ್ಕೊಂಡಿದೀನಿ.

ಇದ್ರಲ್ಲಿ ಹಾರೋದೇ ಬೇಡ ಗುರು, ಫುಟ್‌ಪಾತ್ ಕಲ್ಲಿಗೆ ಸ್ವಲ್ಪ ಓರೆಯಾಗಿ ಹೋಗಿ ಮುಂದಿನ ಟ್ರಕ್ (ಬೋರ್ಡ್ ಅಡಿ ವೀಲ್ ಕೂರಿಸಿರೋ ಲೋಹದ ಭಾಗ) ತಾಗೋ ಟೈಮಿಗೆ ಮೈಭಾರ ಮೇಲಕ್ಕೆ ಎಳ್ಕೊಂಡು ಆಮೇಲೆ ಕಲ್ಲಿನ ಮೇಲೇ ಒತ್ತಿದ್ರೆ ಹಿಂದಿನ ಟ್ರಕ್ಕೂ ಹತ್ಕೊಳ್ಳತ್ತೆ. ನಾನು ಎರಡು ವಾರ ಹೆದ್ರಿ ಹೆದ್ರಿ ನಿಧಾನಕ್ಕೆ ಹೋಗ್ತಿದ್ದೆ, ನಿಧಾನಕ್ಕೆ ಹೋದ್ರೇ ವೀಲ್ ಕಲ್ಲಿಗೆ ಕಚ್ಕೊಂಡು ಬೋರ್ಡ್ ಅಲ್ಲೇ, ನಾವು ಮುಂದೆ! ಮೊನ್ನೆ ಕರೆಂಟ್ ಹೋದಾಗ ಹಚ್ಚೋ ಮೇಣದಬತ್ತಿ ಕದ್ದು (ಅಮ್ಮಂಗೆ ಹೇಳ್ಬೇಡಿ) ಅಂಚಿಗೆ ಚೆನ್ನಾಗಿ ಉಜ್ಜಿ ಸ್ವಲ್ಪ ಜೋರಾಗಿ ಹೋದೆ, ಗರ್‌ರ್‌ರ್ ಅಂತ ಒಂದು ಮೊಳ ಜಾರ್ತು, ಟ್ರಕ್ಕಿಗೆ ಹಳದಿ ಪೇಂಟ್ ಮೆತ್ಕೊಂಡಿದೆ, ಒರೆಸಿಲ್ಲ ಇನ್ನೂ.

ಭಾನುವಾರ ಬೆಳಿಗ್ಗೆ 6.30ಕ್ಕೆ ಅದೇ ಜಾಗ, ವಾಕಿಂಗ್ ಜನ ಬರೋಕ್ ಮುಂಚೆ. ಮಳೆ ಬಂದಿದ್ರೆ ಕ್ಯಾನ್ಸಲ್, ಒದ್ದೆ ಕಲ್ಲು ನಂಗಾಗಲ್ಲ. ಮೇಣ ಕಲ್ಲಿನ ಅಂಚಿಗೆ ಮಾತ್ರ ಹಚ್ಚಿ, ನಡೆಯೋ ಜಾಗಕ್ಕೆ ಬೇಡ, ಅಜ್ಜ ಅಜ್ಜಿ ಓಡಾಡ್ತಾರೆ. ಹೊಸದಾಗಿ ಆಪರೇಷನ್ ಆದೋರು ನನ್ನ ನೋಡ್ಕೊಂಡು ಬೋರ್ಡ್ ಹತ್ಬೇಡ್ರಪ್ಪ, ಮೊದಲ 2-3 ತಿಂಗ್ಳಲ್ಲಿ ನೋವು ಕಮ್ಮಿ ಆಗಿರತ್ತೆ ಆದ್ರೆ ಒಳಗೆ ಹಾಕಿರೋ ಗ್ರಾಫ್ಟ್ (ಹೊಸ ಲಿಗಮೆಂಟ್) ಆಗ್ಲೇ ತುಂಬಾ ವೀಕ್ ಇರೋದು, ಬಂದು ಟೀ ಕುಡ್ಕೊಂಡು ವಿಡಿಯೋ ತೆಗೀರಿ. ನಾನು ಬಿದ್ದಿದ್ದು ಮಾತ್ರ ಸ್ಟೇಟಸ್ಸಿಗೆ ಹಾಕ್ಬೇಡಿ.