ಫಿಲಾಸಫಿ ಓದಿ ಬಜೆಟ್ ವರದಿಗೆ ಬಂದವರು

ಮಾನ್ಯರೇ,

ಶೇರುಪೇಟೆ, ಬಜೆಟ್ ಎಲ್ಲ ಕಾಮರ್ಸ್ ಓದಿದವರಿಗೆ ಮಾತ್ರ ಎಂದು ನಾವೇ ಮಕ್ಕಳನ್ನು ಹೆದರಿಸಿಬಿಡುತ್ತೇವೆ. ಸಿಎನ್‌ಬಿಸಿ-ಟಿವಿ18 ಎಂಬ ಇಂಗ್ಲಿಷ್ ಬಿಸಿನೆಸ್ ಚಾನೆಲ್‌ನ ಪತ್ರಕರ್ತೆ ಶಿರೀನ್ ಭಾನ್ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿದ್ದು ಫಿಲಾಸಫಿ. ಆಮೇಲೆ ಪುಣೆಯಲ್ಲಿ ಸಂವಹನ ಶಾಸ್ತ್ರ. 2000ದ ಕೊನೆಗೆ ಈ ಚಾನೆಲ್ ಸೇರಿದವರು 2013ರಲ್ಲಿ ಉದಯನ್ ಮುಖರ್ಜಿ ಅವರ ಜಾಗಕ್ಕೆ ಬಂದು ವ್ಯವಸ್ಥಾಪಕ ಸಂಪಾದಕಿಯಾದರು. ಸ್ಟಾರ್ಟಪ್ ಅನ್ನೋ ಮಾತು ಮನೆಮಾತಾಗುವ ಎಷ್ಟೋ ಮೊದಲೇ ‘ಯಂಗ್ ಟರ್ಕ್ಸ್’ ಕಾರ್ಯಕ್ರಮದಲ್ಲಿ ಹೊಸ ಉದ್ಯಮಿಗಳನ್ನು ಕೂರಿಸಿ ಮಾತಾಡಿಸಿದ್ದಾರೆ.

ನನಗೆ ಜಾಸ್ತಿ ಇಷ್ಟವಾಗುವುದು ಅವರ ಬಜೆಟ್ ದಿನದ ಕೆಲಸ. ಸಚಿವರು ಭಾಷಣದಲ್ಲಿ ಹೇಳದ ಎಷ್ಟೋ ತೆರಿಗೆ ಬದಲಾವಣೆ ಹಣಕಾಸು ಮಸೂದೆಯ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಭಾಷಣ ಮುಗಿದ ಮೇಲೆ ಅದನ್ನು ಹುಡುಕಿ, ಅರ್ಥಮಾಡಿಕೊಂಡು, ನೇರಪ್ರಸಾರದಲ್ಲೇ ಪ್ರಶ್ನೆ ಮಾಡಬೇಕು. ಎದುರಿಗೆ ಕೂತವರು ಸಚಿವರೋ ದೊಡ್ಡ ಕಂಪನಿಯ ಮುಖ್ಯಸ್ಥರೋ ಆಗಿರುತ್ತಾರೆ. ದನಿ ಏರಿಸದೆ ಕೇಳಿದ್ದನ್ನೇ ಮತ್ತೆ ಕೇಳುವುದು ಸುಲಭವಲ್ಲ. ವರ್ಷಗಟ್ಟಲೆ ಓದಿಕೊಂಡವರಿಗಷ್ಟೇ ಆ ಧೈರ್ಯ ಬರುತ್ತದೆ, ಅಲ್ವಾ?

ಕನ್ನಡದಲ್ಲಿ ಇಂಥ ಆರ್ಥಿಕ ಪತ್ರಕರ್ತರು ಇನ್ನೂ ಜಾಸ್ತಿ ಬೇಕು. ಮ್ಯೂಚುವಲ್ ಫಂಡ್‌ನಲ್ಲಿ ದುಡ್ಡು ಹಾಕುವವರು ಈಗ ಹಳ್ಳಿಗಳಲ್ಲೂ ಇದ್ದಾರೆ. ಪತ್ರಿಕೋದ್ಯಮ ಓದುವ ಮಕ್ಕಳಿಗೆ ಕಂಪನಿಯೊಂದರ ಬ್ಯಾಲೆನ್ಸ್ ಶೀಟ್ ಓದುವುದನ್ನು ಕಾಲೇಜಿನಲ್ಲೇ ಕಲಿಸಲಿ. ನಿಮ್ಮ ಪತ್ರಿಕೆಯೂ ಅಂಥವರಿಗೆ ವಾರಕ್ಕೊಂದು ಪುಟ ಬಿಟ್ಟುಕೊಡಲಿ.

– ಓದುಗರೊಬ್ಬರು, ಶಿವಮೊಗ್ಗ