ಚಿತ್ರದಲ್ಲಿರುವ ಹುಸಾರ್ ಕವಿಯಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ರಷ್ಯನ್ ಚಿತ್ರಕಾರ ಒರೆಸ್ಟ್ ಕಿಪ್ರೆನ್ಸ್ಕಿ ಬರೆದ ಹುಸಾರ್ (ಹಗುರ ಅಶ್ವದಳದ) ಅಧಿಕಾರಿಯ ಭಾವಚಿತ್ರದ ಕೆಳಗೆ 'ಕವಿ ಡೆನಿಸ್ ಡವಿಡೋವ್' ಎಂದು ಅಚ್ಚಾಗಿದೆ. ಅಲ್ಲಿರುವವನು ಡೆನಿಸ್‌ನ ದಾಯಾದಿ, ಕರ್ನಲ್ ಎವ್‌ಗ್ರಾಫ್ ಡವಿಡೋವ್. ತಿದ್ದುಪಡಿಗೆ ಬೇಕಾದ ವಿವರ ಇಷ್ಟು: 1809, ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ, 162 x 116 ಸೆಂ.ಮೀ., ರಷ್ಯನ್ ಮ್ಯೂಸಿಯಂ, ಸೇಂಟ್ ಪೀಟರ್ಸ್‌ಬರ್ಗ್.

ಪುರವಣಿಯವರನ್ನೇ ದೂರಿ ಫಲವಿಲ್ಲ. ರಷ್ಯಾದಲ್ಲೂ ಬಹುಕಾಲ ಜನ ಹೀಗೇ ನಂಬಿದ್ದರು. ನೆಪೋಲಿಯನ್ ವಿರುದ್ಧ ಗೆರಿಲ್ಲಾ ಯುದ್ಧ ನಡೆಸಿದ ಕವಿ ಎಲ್ಲರಿಗೂ ಗೊತ್ತು. ಲೈಪ್‌ಜಿಗ್ ಕದನದಲ್ಲಿ ಒಂದು ಕೈ, ಒಂದು ಕಾಲು ಕಳೆದುಕೊಂಡ ಎವ್‌ಗ್ರಾಫ್‌ನನ್ನು ಕೇಳಿದವರು ಕಡಿಮೆ. ಸಮವಸ್ತ್ರವೂ ನೆರವಿಗೆ ಬರುವುದಿಲ್ಲ. ಕೆಂಪು ಡಾಲ್ಮನ್ (ಗಿಡ್ಡ ಅಂಗಿ), ಚಿನ್ನದ ಜರಿ, ಬಿಳಿ ಚಲ್ಲಣ ಚಕ್ರವರ್ತಿಯ ಕಾವಲುಪಡೆಯಾದ ಲೈಫ್ ಗಾರ್ಡ್ ಹುಸಾರ್ ದಳದ್ದು ಎನ್ನುವುದು ನಿಜ, ಆದರೆ ಡೆನಿಸ್ ಕೂಡ ಆ ದಳದಲ್ಲಿದ್ದವನೇ. ಗಂಟು ಬಿಡಿಸಿದ್ದು ಕಿಪ್ರೆನ್ಸ್ಕಿ 1831ರಲ್ಲಿ ತಾನೇ ಕೊಟ್ಟ ಚಿತ್ರಗಳ ಪಟ್ಟಿ. ಅದರಲ್ಲಿ 'ಎವ್. ವಿ. ಡವಿಡೋವ್' ಎಂದಿದೆ. 'ವಿ.' ಎಂಬುದು ತಂದೆಯ ಹೆಸರಿನ ಮೊದಲಕ್ಷರ; ಇಬ್ಬರದ್ದೂ 'ವ'ದಿಂದಲೇ ಶುರು (ಕರ್ನಲ್ ವ್ಲಾದಿಮಿರೊವಿಚ್, ಕವಿ ವಸೀಲಿಯೆವಿಚ್), ಹಾಗಾಗಿ ತೀರ್ಪು ಕೊಟ್ಟದ್ದು ಆ 'ಎವ್' ಮಾತ್ರ.

ಅದೇ ಪುಟದಲ್ಲಿ ಇನ್ನೊಬ್ಬ ಸೇನಾಧಿಕಾರಿಯ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದೆ. ಮುಖ ಪುಟದ ಒಳಕ್ಕೆ ತಿರುಗಲಿ ಎಂದು ವಿನ್ಯಾಸಕಾರರು ಹೀಗೆ ಮಾಡುವುದುಂಟು. ಇಂಥ ಚಿತ್ರಗಳಲ್ಲಿ ಅದು ಅಡಗುವುದಿಲ್ಲ. ಪದವಿಯ (ಚಕ್ರವರ್ತಿ ಕೊಡುವ 'ಆರ್ಡರ್' ಗೌರವದ) ನಕ್ಷತ್ರ ಎಡ ಎದೆಯ ಮೇಲೆ, ಅಂದರೆ ನೋಡುವವರ ಬಲಕ್ಕೆ ಇರಬೇಕು. ಸಂತ ಆಂಡ್ರೂ ಪದವಿಯ ತಿಳಿನೀಲಿ ಪಟ್ಟಿ ಬಲ ಭುಜದಿಂದ ಇಳಿಯುತ್ತದೆ. ಅಲೆಕ್ಸಾಂಡರ್ ನೆವ್ಸ್ಕಿಯ ಕೆಂಪು ಪಟ್ಟಿ ಎಡ ಭುಜದಿಂದ. ಕತ್ತಿ ತೂಗುವುದು ಎಡ ಸೊಂಟಕ್ಕೆ. ಇವೆಲ್ಲ ಒಟ್ಟಿಗೆ ಅದಲುಬದಲಾಗಿದ್ದರೆ ಚಿತ್ರ ತಿರುಗಿದೆ ಎಂದೇ ಅರ್ಥ.

ಪದವಿಗಳನ್ನು ನೋಡಿ ವರ್ಷ ಹೇಳುವಾಗ ಮಾತ್ರ ಜೋಪಾನ. ಬಡ್ತಿಯೋ ಹೊಸ ಪದಕವೋ ಬಂದಾಗ ಮನೆಯವರು ಹಳೆಯ ಚಿತ್ರಕ್ಕೇ ಅದನ್ನು ಬರೆಸಿಬಿಡುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಟ್ಟು ಬಯಲು: ಮೂಲ ಬಣ್ಣ ಒಣಗಿ ಬಿರುಕುಬಿಟ್ಟ ಮೇಲೆ ಬರೆದ ನಕ್ಷತ್ರದ ಬಣ್ಣ ಆ ಬಿರುಕಿನೊಳಗೆ ಇಳಿದಿರುತ್ತದೆ. ಇದಕ್ಕಿಂತ ಕಾಲರ್ ನಂಬಿಗಸ್ತ. 1812ರ ಹೊಸ ನಿಯಮದಿಂದ ರಷ್ಯನ್ ಸೈನ್ಯದ ಕಾಲರ್ ತಗ್ಗಾಗಿ, ಮುಂಭಾಗ ಕೊಕ್ಕೆಗಳಿಂದ ಪೂರ್ತಿ ಮುಚ್ಚಿತು. ಹೆಂಗಸರ ಚಿತ್ರವಾದರೆ ಸೊಂಟದ ಗೆರೆ ನೋಡಬೇಕು. ಎದೆಯ ಕೆಳಗೇ ಇದ್ದದ್ದು 1820ರ ದಶಕದಲ್ಲಿ ನಿಜವಾದ ಸೊಂಟಕ್ಕೆ ಇಳಿಯಿತು.

ಬಣ್ಣದ ಬಗ್ಗೆಯೂ ಒಂದು ಮಾತು. ಹಳೆಯ ವಾರ್ನಿಶ್ ಹಳದಿಗಟ್ಟಿದಾಗ ತಿಳಿನೀಲಿ ಪಟ್ಟಿ ಹಸಿರಾಗಿ ಕಾಣುತ್ತದೆ, ಬಿಳಿ ಚಲ್ಲಣ ಕೆನೆಬಣ್ಣಕ್ಕೆ ತಿರುಗುತ್ತದೆ. ಅದನ್ನು 'ಸರಿಪಡಿಸಲು' ಕಂಪ್ಯೂಟರಿನಲ್ಲಿ ನೀಲಿ ಏರಿಸಿದರೆ ಮುಖದ ನಸುಗೆಂಪು ಸತ್ತು ಬೂದಿಬಣ್ಣ ಉಳಿಯುತ್ತದೆ. ನೆರಳಿನ ಭಾಗಕ್ಕೆ ಬೆಳಕು ಹೆಚ್ಚಿಸುವುದೂ ಬೇಡ. ಸೇಂಟ್ ಪೀಟರ್ಸ್‌ಬರ್ಗಿನ ಅರಮನೆ ವಿಂಟರ್ ಪ್ಯಾಲೇಸ್‌ನ ಸೇನಾ ಗ್ಯಾಲರಿಗೆ ಇಂಗ್ಲಿಷ್ ಚಿತ್ರಕಾರ ಜಾರ್ಜ್ ಡಾ ಮತ್ತು ಸಹಾಯಕರು ಬರೆದ ಜನರಲ್‌ಗಳ ಚಿತ್ರಗಳಲ್ಲಿ ಡಾಂಬರು ಬೆರೆತ ಕಂದುಬಣ್ಣವಿದೆ. ಅದು ಪೂರ್ತಿ ಒಣಗುವುದೇ ಇಲ್ಲ, ಕಪ್ಪಾಗುತ್ತಾ ಹೋಗಿ ಮೇಲಿನ ಪದರ ಬಿರಿಯುತ್ತದೆ. ಅಂಥ ಕಡೆ ಬೆಳಕು ಏರಿಸಿದರೆ ಅಚ್ಚಿನಲ್ಲಿ ಕಾಣುವುದು ಬಿರುಕು ಮಾತ್ರ. ಮ್ಯೂಸಿಯಂ ಕೊಟ್ಟ ಕಡತ ಹೇಗಿದೆಯೋ ಹಾಗೇ ಮುದ್ರಿಸಿ.

– ಒಬ್ಬ ಓದುಗ