ಆ ಹಸಿರು ಪಂಜರ ನಿಮ್ಮ ಮನೆಯಲ್ಲಿದೆಯೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮೊಲದ ಪಂಜರದ ಚಿತ್ರವೊಂದು ಬಂದಿತ್ತು. ಹಸಿರು ಬಣ್ಣ, ಹಿಂದಕ್ಕೆ ಇಳಿಜಾರಾದ ತಗಡಿನ ಮಾಡು, ಮುಂಬಾಗಿಲಿಗೆ ಒಂದೇ ಕೊಂಡಿ. ಕೆಳಗೆ 'ಅಂಗಳದಲ್ಲೊಂದು ಸುರಕ್ಷಿತ ಗೂಡು' ಎಂಬ ಸಾಲು. ನೋಡಿ ಎದೆ ಧಸಕ್ಕೆಂದಿತು. ಆ ಪಂಜರ ಬಹುಶಃ ನಾನೇ ಮಾಡಿದ್ದು. ನನ್ನದಲ್ಲದಿದ್ದರೂ ಅದರಲ್ಲಿ ಕಂಡ ತಪ್ಪುಗಳೆಲ್ಲ ನಾನೂ ಮಾಡಿದವೇ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ಕತ್ತರಿ ಹಾಕುವುದಾದರೆ ಎಲ್ಲಿ ಬೇಕಾದರೂ ಹಾಕಿ, ಕೊನೆಯ ಪ್ಯಾರಾ ಒಂದನ್ನು ಮಾತ್ರ ಮುಟ್ಟಬೇಡಿ.

ನಾನು ವೆಲ್ಡರ್. 26 ವರ್ಷದಿಂದ ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡಿಕೊಂಡು ಬಂದವನು. ಮಗಳು ಎರಡು ಮೊಲ ತಂದಾಗ ಅಂಗಳದಲ್ಲಿಡಲು ಒಂದು ಪಂಜರ ಮಾಡಿಕೊಟ್ಟೆ. ನೋಡಿದವರು ತಮಗೂ ಒಂದು ಬೇಕೆಂದರು. ಹೀಗೆ ಒಂದಾದ ಮೇಲೊಂದು, ಒಟ್ಟು 11 ಪಂಜರ ನನ್ನ ಕೈಯಿಂದ ಹೋದವು. ಮೊಲದ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಹುಲ್ಲು ತಿನ್ನುತ್ತದೆ, ಬಾಗಿಲು ತೆರೆದರೆ ಓಡುತ್ತದೆ. ಹಾಗಾಗಿ ಮೊಲ ಹೊರಗೆ ಹೋಗದ ಹಾಗೆ ಮಾಡಿದೆ. ಹೊರಗಿನದು ಒಳಗೆ ಬರಬಾರದು ಅನ್ನುವುದನ್ನು ಅರ್ಧ ಯೋಚಿಸಿದ್ದೆ. ಹೊರಗಿನದು ಹೊರಗೇ ನಿಂತು ಏನು ಮಾಡಬಹುದು ಅನ್ನುವುದು ತಲೆಗೇ ಬಂದಿರಲಿಲ್ಲ.

ಒಂದು ರಾತ್ರಿ ಎರಡೂವರೆ ಹೊತ್ತಿಗೆ ಅಂಗಳದಿಂದ ಧಡ್ ಧಡ್ ಎಂಬ ಸದ್ದು ಕೇಳಿತು. ಹೆದರಿದ ಮೊಲ ಹಿಂಗಾಲಿನಿಂದ ನೆಲಕ್ಕೆ ಹಾಗೆ ಬಡಿಯುತ್ತದೆ ಅಂತ ಆಮೇಲೆ ತಿಳಿಯಿತು. ಹಿಂದೆಯೇ ಒಂದು ಚೀರಾಟ. ಮೊಲಕ್ಕೆ ಅಷ್ಟು ದೊಡ್ಡ ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಎಳೆಗೂಸು ಕಿರುಚಿದ ಹಾಗಿತ್ತು. ಟಾರ್ಚ್ ಹಿಡಿದು ಓಡಿದೆ. ಎರಡು ನಾಯಿ ಪಂಜರದ ಸುತ್ತ ಸುತ್ತುತ್ತಿದ್ದವು. ನನ್ನನ್ನು ಕಂಡು ಕಾಂಪೌಂಡ್ ಹಾರಿ ಹೋದವು. ಜಾಲರಿ ಮುಟ್ಟಿ ನೋಡಿದೆ. ಒಂದು ತಂತಿಯೂ ಸಡಿಲವಾಗಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಕೆಲಸದ ಬಗ್ಗೆ ಹೆಮ್ಮೆಯೇ ಆಯಿತು. 14 ಗೇಜಿನ ವೆಲ್ಡ್ ಮೆಶ್, ಅಂದರೆ ದಪ್ಪ ತಂತಿ ಬೆಸೆದ ಜಾಲರಿ, ಕೈಯಗಲಕ್ಕೊಂದರಂತೆ ಟ್ಯಾಕ್ (ಸಣ್ಣ ಬೆಸುಗೆ) ಹೊಡೆದು ಕೂರಿಸಿದ್ದು. ಮಗಳಿಗೆ 'ಏನೂ ಆಗಿಲ್ಲಮ್ಮ, ಹೋಗಿ ಮಲಗು' ಅಂದೆ.

ಬೆಳಿಗ್ಗೆ ನೋಡಿದರೆ ಎರಡರಲ್ಲೊಂದು ಮೊಲ, ಬೆಣ್ಣೆ ಅಂತ ಅದರ ಹೆಸರು, ಮುಂಗಾಲಲ್ಲಿ ತೆವಳುತ್ತಿತ್ತು. ಹಿಂಗಾಲು ಎರಡೂ ಒದ್ದೆ ಬಟ್ಟೆಯ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿದ್ದವು. ಮೈಮೇಲೆ ಒಂದು ಗೀರೂ ಇಲ್ಲ. ಪಶುವೈದ್ಯರು ಎಕ್ಸ್‌ರೇ ತೆಗೆದು ತೋರಿಸಿದರು. ಸೊಂಟದ ಹತ್ತಿರ ಬೆನ್ನುಮೂಳೆ ಮುರಿದಿತ್ತು. 'ನಾಯಿ ಮುಟ್ಟೇ ಇಲ್ಲ ಸಾರ್' ಅಂದೆ. 'ಮುಟ್ಟಬೇಕಾಗಿಲ್ಲ, ಇದೇ ಒದ್ದಾಡಿ ಮುರಿದುಕೊಂಡಿದೆ' ಅಂದರು.

ಅವರು ವಿವರಿಸಿದ್ದನ್ನು ನನ್ನ ಕಸುಬಿನ ಮಾತಲ್ಲಿ ಹೇಳುತ್ತೇನೆ. ಮೊಲದ ಹಿಂಗಾಲು ದೊಡ್ಡ ಮೋಟಾರು. ಅದನ್ನು ಕೂರಿಸಿರುವ ಫ್ರೇಮು ಮಾತ್ರ ತೀರಾ ತೆಳು. ಬೆಕ್ಕಿನ ಮೈತೂಕದಲ್ಲಿ ನೂರಕ್ಕೆ 12-13 ಪಾಲು ಮೂಳೆ ಇದ್ದರೆ, ಮೊಲಕ್ಕೆ 7-8 ಪಾಲು ಅಷ್ಟೆ. ಬಯಲಲ್ಲಿ ಹೆದರಿದ ಮೊಲ ಓಡಿ ಬಿಲ ಸೇರುತ್ತದೆ. ಕಾಲಿನ ಬಲವೆಲ್ಲ ಓಟಕ್ಕೆ ಹೋಗುತ್ತದೆ. ನಾಲ್ಕಡಿ ಪಂಜರದಲ್ಲಿ ಓಡುವುದು ಎಲ್ಲಿಗೆ? ಈ ಗೋಡೆಗೆ ಬಡಿದು ಆ ಗೋಡೆಗೆ ಹಾರುತ್ತದೆ, ಮೈ ತಿರುಚಿ ಒದೆಯುತ್ತದೆ. ಆ ಒದೆತ ಅದರ ಬೆನ್ನಿಗೇ ಬೀಳುತ್ತದೆ. ಮಕ್ಕಳು ಎತ್ತಿಕೊಳ್ಳುವಾಗ ಕುಂಡೆಗೆ ಕೈ ಆಸರೆ ಕೊಡದಿದ್ದರೂ ಹೀಗೇ ಆಗಬಹುದಂತೆ. ಇನ್ನು ಕಿವಿ ಹಿಡಿದು ಎತ್ತುವವರಿಗೆ ಏನು ಹೇಳುವುದು?

ಬೆಣ್ಣೆಯನ್ನು ಅವತ್ತೇ ನೋವಿಲ್ಲದ ಹಾಗೆ ಕಳಿಸಿಕೊಟ್ಟೆವು. ಇನ್ನೊಂದು ಮೊಲ ಚುಕ್ಕಿ, ನೋಡಲು ಚೆನ್ನಾಗಿಯೇ ಇತ್ತು. ಮೂಲೆ ಬಿಟ್ಟು ಏಳುತ್ತಿರಲಿಲ್ಲ, ಹುಲ್ಲು ಮುಟ್ಟಿರಲಿಲ್ಲ. ಜೊತೆಯದು ಹೋಯಿತಲ್ಲ, ಬೇಜಾರು ಅಂದುಕೊಂಡೆವು. 'ಹಿಕ್ಕೆ ಹಾಕಿದೆಯಾ?' ಅಂತ ವೈದ್ಯರು ಕೇಳಿದಾಗ ನಾವು ಮುಖ ಮುಖ ನೋಡಿಕೊಂಡೆವು. ಹೆದರಿಕೆಗೆ ಮೊಲದ ಕರುಳಿನ ಚಲನೆಯೇ ನಿಂತುಬಿಡುತ್ತದೆ. ಅರ್ಧ ದಿನ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದರೆ ಅದು ಜೀವಕ್ಕೇ ಕುತ್ತು. ನಾಳೆ ನೋಡೋಣ ಅನ್ನುವಂತಿಲ್ಲ. ಚರ್ಮದಡಿ ಗ್ಲೂಕೋಸಿನಂಥ ದ್ರವ ಏರಿಸಿ, ನೋವಿನ ಔಷಧ ಕೊಟ್ಟು, ಸಿರಿಂಜಿನಲ್ಲಿ ತಿನ್ನಿಸಿ ಉಳಿಸಿದರು. ನಾಲ್ಕನೇ ದಿನ ಚುಕ್ಕಿ ತಾನಾಗಿ ಒಂದು ಎಳೆ ಹುಲ್ಲು ಕಚ್ಚಿತು. ಮಗಳು ಆ ಹುಲ್ಲಿನ ಇನ್ನೊಂದು ತುದಿ ಹಿಡಿದುಕೊಂಡೇ ಕೂತಿದ್ದಳು.

ಆಮೇಲೆ ಪಂಜರವನ್ನು ಬಿಚ್ಚಿ ಮತ್ತೆ ಕಟ್ಟಲು ಕೂತೆ. ಮೊದಲು ಮಾಡಿದ ಕೆಲಸ, ಒಳಗೆ ಕತ್ತಲೆ ತಂದದ್ದು. ಗಾಳಿ ಬೆಳಕು ಚೆನ್ನಾಗಿ ಬರಲಿ ಅಂತ ಹಳೆಯದರ ನಾಲ್ಕೂ ಕಡೆ ಜಾಲರಿ ಹಾಕಿದ್ದೆ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ, ಸುತ್ತ ಇರುವುದೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಕಾಣುತ್ತದೆ. ನಾಯಿ ಯಾವ ಕಡೆ ಹೋದರೂ ಅದಕ್ಕೆ ಕಾಣಿಸಲಿ ಅಂತಲೇ ಕಟ್ಟಿದ ಹಾಗಿತ್ತು ನನ್ನ ಪಂಜರ. ಈಗ ಹಿಂದೆ ಮತ್ತು ಒಂದು ಪಕ್ಕಕ್ಕೆ ಪೂರ್ತಿ ಹಲಗೆ. ಒಳಗೆ ಮರದ ಪೆಟ್ಟಿಗೆ, ಎರಡು ಮೊಲ ಒತ್ತಿಕೊಂಡು ಕೂರುವಷ್ಟು. ಅದಕ್ಕೆ ಎರಡು ಬಾಯಿ, ಒಂದೊಂದೂ ಆರೇಳು ಇಂಚು. ಒಂದೇ ಬಾಯಿ ಇಟ್ಟರೆ ಜಗಳವಾದಾಗ ಸೋತದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಳಗೆ ದಪ್ಪಕ್ಕೆ ಒಣಹುಲ್ಲು. ಈಗ ಏನಾದರೂ ಸದ್ದಾದರೆ ಚುಕ್ಕಿ ಒಂದೇ ನೆಗೆತಕ್ಕೆ ಪೆಟ್ಟಿಗೆ ಸೇರುತ್ತದೆ. ಸೇರಿದ ಮೇಲೆ ಒದ್ದಾಡುವುದಿಲ್ಲ, ಸುಮ್ನೆ ನೆಲಕ್ಕಂಟಿ ಕೂರುತ್ತದೆ. ಇಷ್ಟು ಸಣ್ಣ ಕೆಲಸ, ಒಂದು ಮಧ್ಯಾಹ್ನದ್ದು. ಇದನ್ನು ಮೊದಲೇ ಮಾಡಿದ್ದರೆ ಬೆಣ್ಣೆ ಇರುತ್ತಿತ್ತು.

ಎರಡನೆಯದು ದೂರ. ಪಂಜರದಿಂದ ಮೂರಡಿ ಬಿಟ್ಟು ಸುತ್ತ ಒಂದು ಬೇಲಿ ಹಾಕಿದೆ, ನಾಯಿಯ ಮೂತಿ ಜಾಲರಿಗೆ ತಾಗಬಾರದು ಅಂತ. ರಾತ್ರಿ ಮುಂಭಾಗಕ್ಕೆ ಕ್ಯಾನ್ವಾಸ್ ಪರದೆ, ಕೆಳಗೆ ಗಾಳಿಗೆ ಒಂದು ಗೇಣು ಬಿಟ್ಟು. ಇಷ್ಟೆಲ್ಲ ಮಾಡಿದವನೇ ಹೇಳುತ್ತೇನೆ, ರಾತ್ರಿ ಮೊಲವನ್ನು ಮನೆಯೊಳಗೆ ತರಲು ಆಗುವುದಾದರೆ ತಂದುಬಿಡಿ. ಪಂಜರ ಮಾಡುವವನ ವ್ಯಾಪಾರಕ್ಕೆ ಒಳ್ಳೆಯ ಮಾತಲ್ಲ ಇದು, ಆದರೂ.

ಈಗ ಜಾಲರಿಯ ವಿಷಯ. ನಿಮ್ಮ ಚಿತ್ರದಲ್ಲಿದ್ದದ್ದು ಆರು ಮೂಲೆಯ ತೆಳು ತಂತಿ ಬಲೆ, ಕೋಳಿ ಗೂಡಿಗೆ ಹಾಕುವುದು. ಹಗುರ, ಬೇಗ ಬಾಗುತ್ತದೆ, ಕೆಲಸ ಸುಲಭ ಅಂತ ನಾನೂ ಐದು ಪಂಜರಕ್ಕೆ ಅದನ್ನೇ ಹಾಕಿದ್ದೆ. ಕೋಳಿ ಹೊರಗೆ ಹೋಗದ ಹಾಗೆ ಅದು ತಡೆಯುತ್ತದೆ, ನಿಜ. ನಾಯಿ ಹಲ್ಲು ಹಾಕಿ ಎಳೆದರೆ ಕಿತ್ತು ಬರುತ್ತದೆ. ಸ್ವಲ್ಪ ತುಕ್ಕು ಹಿಡಿದಿದ್ದರೆ ಕೈಯಲ್ಲೇ ಹರಿಯಬಹುದು. ಬೇಕಾದದ್ದು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, 16 ಗೇಜು ಅಥವಾ ಅದಕ್ಕಿಂತ ದಪ್ಪ. ಗೇಜಿನ ನಂಬರು ಕಡಿಮೆಯಾದಷ್ಟೂ ತಂತಿ ದಪ್ಪ. ತುಂಬಾ ಜನ ಇದನ್ನು ಉಲ್ಟಾ ತಿಳಿದುಕೊಂಡಿರುತ್ತಾರೆ. ಕಣ್ಣು ದೊಡ್ಡದಾದರೆ ಬೆಕ್ಕು ಪಂಜ ತೂರಿಸುತ್ತದೆ, ಪೂರ್ತಿ ಒಳಗೆ ಬರುವುದೇ ಬೇಡ. ಮರದ ಚೌಕಟ್ಟಾದರೆ ಜಾಲರಿಯನ್ನು ಸ್ಟೇಪಲ್ ಹೊಡೆದು ಬಿಡಬೇಡಿ. ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಜಾಲರಿ ಹರಿಯುವುದಕ್ಕಿಂತ ಮೊದಲು ಸ್ಟೇಪಲ್ ಕಳಚುತ್ತದೆ.

ಮತ್ತೆ ಆ ಕೊಂಡಿ! ಒಂದೇ ಕೊಂಡಿ, ಬಳೆಗೆ ಸಿಕ್ಕಿಸುವಂಥದ್ದು. ನಾಯಿ ಕೆಳಗಿನಿಂದ ಮೂತಿಯಲ್ಲಿ ಒತ್ತಿದರೆ ಮೇಲೇಳುತ್ತದೆ. ನಂಬದಿದ್ದರೆ ನಿಮ್ಮ ಎರಡು ಬೆರಳಲ್ಲಿ ಒತ್ತಿ ನೋಡಿ. ನಾನು ಹಾಗೆ ನೋಡಿದ್ದು ಪಂಜರಗಳನ್ನೆಲ್ಲ ಕೊಟ್ಟ ಮೇಲೆ. ಈಗ ಮೇಲೊಂದು ಕೆಳಗೊಂದು ಅಡ್ಡ ಚಿಲಕ, ಪ್ರತಿಯೊಂದಕ್ಕೂ ಸ್ಪ್ರಿಂಗ್ ಕ್ಲಿಪ್ಪು. ಕೆಳಮೂಲೆಯ ಚಿಲಕ ಮುಖ್ಯ. ಅದಿಲ್ಲದಿದ್ದರೆ ಬಾಗಿಲು ಅಲ್ಲಿ ಬಾಗಿ ಸಂದು ಕೊಡುತ್ತದೆ, ಮುಂಗುಸಿಗೆ ಅಷ್ಟು ಸಾಕು.

ನೆಲದ ಮೇಲೆ ಓಡಾಡಲು ಬಿಡುವ ಆವರಣ ಇದ್ದರೆ ಅಗೆತದ ಭಯ ಎರಡೂ ಕಡೆಯಿಂದ. ಹೊರಗಿನಿಂದ ನಾಯಿ ಅಗೆಯುತ್ತದೆ, ಒಳಗಿನಿಂದ ಮೊಲವೇ ಅಗೆದುಕೊಂಡು ಹೊರಗೆ ಹೋಗುತ್ತದೆ. ಜಾಲರಿಯನ್ನು ಆಳಕ್ಕೆ ಹೂಳುವುದಕ್ಕಿಂತ, ಬೇಲಿಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ನೆಲದ ಮೇಲೇ ಹಾಸಿ ಮೊಳೆ ಬಡಿಯುವುದು ಸುಲಭ. ಅಗೆಯಲು ಬಂದದ್ದು ಬೇಲಿಯ ಬುಡದಲ್ಲೇ ಶುರು ಮಾಡುತ್ತದೆ, ಕಾಲಿಗೆ ತಂತಿ ಸಿಗುತ್ತದೆ. ಹಿಂದೆ ಸರಿದು ಅಗೆಯುವ ಬುದ್ಧಿ ಬರುವಷ್ಟರಲ್ಲಿ ನಿಮಗೆ ಎಚ್ಚರವಾಗಿರುತ್ತದೆ. ಒಳಗಿನ ಬುಡಕ್ಕೂ ಒಂದು ಪಟ್ಟಿ ಹಾಸಿ, ಮೊಲ ಅಗೆಯುವುದು ಅಲ್ಲಿಂದಲೇ. ಮೇಲ್ಭಾಗಕ್ಕೂ ಜಾಲರಿ ಬೇಕು. ಹದ್ದು ಹಗಲಲ್ಲಿ, ಗೂಬೆ ರಾತ್ರಿಯಲ್ಲಿ.

ಮರಿಗಳಿದ್ದರೆ ಭಯ ಬೇರೆಯೇ. ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಕಣ್ಣು ತೆರೆಯಲು ಹತ್ತು ದಿನ ಬೇಕು. ಹೆಗ್ಗಣ, ಹಾವು, ಇರುವೆ, ಮೂರಕ್ಕೂ ಸುಲಭದ ತುತ್ತು. ಪಂಜರದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಬರುವುದಿಲ್ಲ. ಗೋಡೆಗೆ, ಗಿಡಕ್ಕೆ ಪಂಜರ ತಾಗಿರಬಾರದು, ಇಲ್ಲದಿದ್ದರೆ ಬಟ್ಟಲು ಇಟ್ಟೂ ಪ್ರಯೋಜನವಿಲ್ಲ.

ಪಂಜರವೇ ಮಾಡುವ ಗಾಯಗಳೂ ಇವೆ, ಇವು ಪೂರ್ತಿ ನನ್ನಂಥವರ ಪಾಪ. ನಾಯಿ ಬೆಕ್ಕಿಗೆ ಅಂಗಾಲಲ್ಲಿ ಮೆತ್ತೆ ಇರುತ್ತದೆ, ಮೊಲಕ್ಕೆ ಇಲ್ಲ, ಬರೀ ತುಪ್ಪಳ. ತಂತಿಯ ನೆಲದ ಮೇಲೆ ದಿನವಿಡೀ ಕೂತರೆ ಹಿಮ್ಮಡಿಯ ತುಪ್ಪಳ ಸವೆದು ಹುಣ್ಣಾಗುತ್ತದೆ. ನನ್ನ 11 ಪಂಜರಕ್ಕೂ ತಂತಿಯ ನೆಲವೇ. ತೊಳೆಯಲು ಸುಲಭ ಅಂತ ಹೇಳಿ ಹೇಳಿ ಮಾರಿದ್ದೆ. ತೊಳೆಯುವವರಿಗೆ ಸುಲಭ, ಕೂರುವವರಿಗಲ್ಲ. ಕಡೇಪಕ್ಷ ಮುಕ್ಕಾಲು ಭಾಗಕ್ಕೆ ಹಲಗೆ ಹಾಕಿ ಮೇಲೆ ಹುಲ್ಲು ಹಾಸಿ. ಕತ್ತರಿಸಿದ ಜಾಲರಿಯ ತುದಿಗಳು ಒಳಗೆ ಚಾಚಿರುತ್ತವೆ. ಅವನ್ನು ಗ್ರೈಂಡರ್ ಹಿಡಿದು ಸವೆಸಿ, ಮೇಲೆ ಒಂದು ಪಟ್ಟಿ ಕೂರಿಸಬೇಕು. ಮುಗಿದ ಮೇಲೆ ಒಳಗೆಲ್ಲ ಬರಿಗೈ ಆಡಿಸಿ. ನಿಮ್ಮ ಕೈಗೆ ಎಲ್ಲಿ ಚುಚ್ಚುತ್ತದೋ ಅಲ್ಲಿ ಮೊಲದ ಕಣ್ಣು ಇರುತ್ತದೆ. ಉಗುರು ಉದ್ದ ಬೆಳೆದಿದ್ದರೆ ತಂತಿಗೆ ಸಿಕ್ಕಿ ಬುಡಸಮೇತ ಕಿತ್ತು ಬರುತ್ತದೆ, ಆಗಾಗ ಕತ್ತರಿಸುತ್ತಿರಬೇಕು.

ಬೆಕ್ಕು, ನಾಯಿ ಕಚ್ಚಿದ ಅನುಮಾನ ಬಂದರೆ ತುಪ್ಪಳ ಸರಿಸಿ ನೋಡಿ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಕೀವು. ಮೊಲದ ಕೀವು ಗಟ್ಟಿ, ತಾನಾಗಿ ಸೋರಿ ಹೋಗುವುದಿಲ್ಲ. ಏನೂ ಕಾಣದಿದ್ದರೂ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಬಾಯಿಗೆ ಹಾಕುವ ಕೆಲಸ ಮಾತ್ರ ಬೇಡ. ನಾವು ನುಂಗುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಮೊಲದ ಹೊಟ್ಟೆಗೆ ಹೋದರೆ ಕರುಳು ಕೆಟ್ಟು ಸಾಯಬಹುದು. ನಾಯಿಯ ಮೈಮೇಲಿನ ಉಣ್ಣಿಗೆ ಹಾಕುವ ಫಿಪ್ರೋನಿಲ್ ಹನಿಯೂ ಮೊಲಕ್ಕೆ ವಿಷ.

ನೊಣವನ್ನೂ ಶತ್ರುಗಳ ಪಟ್ಟಿಗೆ ಸೇರಿಸಿಕೊಳ್ಳಿ. ಹಿಂಭಾಗ ಒದ್ದೆಯಾಗಿ ಕೊಳೆಯಾಗಿದ್ದರೆ ಹಸಿರು ನೊಣ ಅಲ್ಲಿ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳು. ಬಿಸಿಲ ದಿನಗಳಲ್ಲಿ ದಿನಕ್ಕೆರಡು ಸಲ ಬಾಲ ಎತ್ತಿ ನೋಡಬೇಕು. ಇನ್ನು ನನ್ನ ಆ ತಗಡಿನ ಮಾಡು, ಬಿಸಿಲಿಗೆ ಕಾವಲಿಯೇ. ಮೊಲ ಬೆವರುವುದಿಲ್ಲ, 30 ಡಿಗ್ರಿ ದಾಟಿದರೆ ಅದಕ್ಕೆ ಅಪಾಯ. ತಗಡಿನ ಅಡಿಗೆ ಹಲಗೆ ಹೊಡೆದು ನಡುವೆ ಗಾಳಿಯಾಡಲು ಬಿಡಿ, ಪಂಜರವನ್ನು ನೆರಳಿಗೆ ಎಳೆಯಿರಿ.

ಈಗ ಆ ಕೊನೆಯ ಪ್ಯಾರಾ. ನನ್ನ ಪಂಜರಗಳಲ್ಲಿ ಏಳನ್ನು ಹುಡುಕಿಕೊಂಡು ಹೋಗಿ ಸರಿಮಾಡಿ ಬಂದಿದ್ದೇನೆ. ನಾಲ್ಕು ಸಿಕ್ಕಿಲ್ಲ. ಕೊಂಡವರು ಮನೆ ಬದಲಿಸಿದ್ದಾರೆ, ಒಬ್ಬರು ಇನ್ನೊಬ್ಬರಿಗೆ ಕೊಟ್ಟಿದ್ದಾರೆ. ಹಸಿರು ಬಣ್ಣ, ತಗಡಿನ ಮಾಡು, ಒಂದೇ ಕೊಂಡಿ. ಬಾಗಿಲಿನ ಒಳಗಡೆ, ಮೇಲಿನ ಎಡಮೂಲೆಯಲ್ಲಿ ವೆಲ್ಡಿಂಗ್ ರಾಡಿನಲ್ಲಿ ಬರೆದ ನಂಬರು ಇರುತ್ತದೆ. ಬಣ್ಣದಡಿ ಮುಚ್ಚಿಹೋಗಿದ್ದರೂ ಬೆರಳಿಗೆ ಸಿಗುತ್ತದೆ. ನಾನು ಹುಡುಕುತ್ತಿರುವುದು 4, 6, 9 ಮತ್ತು 10. ಆ ನಂಬರು ಸಿಕ್ಕಿದವರು ಇವತ್ತು ರಾತ್ರಿಯೇ ಮೊಲವನ್ನು ಒಳಗೆ ತಂದುಕೊಳ್ಳಿ, ಆಮೇಲೆ ಪತ್ರಿಕೆಯ ಕಚೇರಿಗೆ ಒಂದು ಮಾತು ತಿಳಿಸಿ. ಜಾಲರಿ, ಚಿಲಕ, ಹಲಗೆ, ಪೆಟ್ಟಿಗೆ ಎಲ್ಲ ನಾನೇ ತಂದು ಹಾಕಿಕೊಡುತ್ತೇನೆ. ಹಣ ಬೇಡ.

ಇಂತಿ,
ಆ ಪಂಜರಗಳನ್ನು ಮಾಡಿದ ವೆಲ್ಡರ್